ಬೆಟ್ಟಮ್ಮನ ದಮ್ಮು

ದೀಪಾವಳಿ ಕಳೆದು ಚಳಿ ಕಚ್ಚುವುದಕ್ಕೆ ಶುರುವಾದ ವಾರ ಬೆಟ್ಟಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. ದೇವರಾಜ ಮೊಹಲ್ಲಾದ ಸಂದಿಯ ಬಾಯಲ್ಲಿ ಜಟಕಾ ನಿಂತಾಗ ಇಳಿಯಲೆಂದು ಕಾಲು ಕೆಳಗೆ ಬಿಟ್ಟಳು. ಅಷ್ಟರಲ್ಲಿ ಮಗ ಚೆಲುವರಾಜು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡುಬಿಟ್ಟ. ಜಗಲಿಗಳ ಮೇಲಿದ್ದವರೆಲ್ಲ ಎದ್ದು ನೋಡಿದರು.

"ಬುಡೋ, ನಡೀತೀನಿ," ಅಂದಳು ಬೆಟ್ಟಮ್ಮ.

"ಸುಮ್ನಿರವ್ವ. ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವ ನಿಂಗೆ?"

ಡಾಕ್ಟರು ಎರಡು ಮಾತು ಹೇಳಿದ್ದರು. ಎದೆಯ ಫೋಟೋ ತೆಗೆಸಿ ನೋಡಿದ್ದೇವೆ, ಇದು ಕ್ಷಯ ಅಲ್ಲ, ವರ್ಷಗಟ್ಟಲೆ ಹೊಗೆ ಕುಡಿದ ಎದೆ, ಪೂರ್ತಿ ವಾಸಿಯಾಗುವಂಥದ್ದಲ್ಲ ಅನ್ನುವುದು ಒಂದು. ಹುಷಾರಾಗಿ ನಡೆದುಕೊಂಡರೆ ಇದರ ಜೊತೆಯಲ್ಲೇ ಬೇಕಾದಷ್ಟು ಕಾಲ ಬದುಕಬಹುದು ಅನ್ನುವುದು ಇನ್ನೊಂದು. ಚೆಲುವರಾಜುವಿನ ತಲೆಯಲ್ಲಿ ಮೊದಲನೆಯದು ಮಾತ್ರ ಉಳಿದಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಯಾವುದನ್ನಾದರೂ ಕಟ್ಟುನಿಟ್ಟು ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ. ನಡುಮನೆಯಲ್ಲಿ ಮಂಚ ಹಾಕಿಸಿದ, ತಾಯಿಯನ್ನು ಅದರ ಮೇಲೆ ಕೂರಿಸಿದ, ಹೆಂಡತಿಯನ್ನು ಕರೆದು ಹೇಳಿದ:

"ನೋಡು ಚೂಡಾ, ಅವ್ವ ಇಲ್ಲಿಂದ ಏಳಂಗಿಲ್ಲ. ನೀರಿಂದ ಹಿಡಿದು ಎಲ್ಲ ಕೈಗೇ ಕೊಡ್ಬೇಕು."

ಚೂಡಾಮಣಿ ತಲೆಯಾಡಿಸಿದಳು. ಮದುವೆಯಾಗಿ ಒಂದು ವರ್ಷ ಆಗಿತ್ತು, ಈಗ ಬಸುರಿ. ನಲ್ಲಿಯ ನೀರು, ಪಾತ್ರೆ, ಬಟ್ಟೆ, ಮೂರು ಹೊತ್ತಿನ ಅಡುಗೆ ಎಲ್ಲ ಅವಳ ಪಾಲಿಗೆ ಬಂದು ಆಗಲೇ ಕೆಲವು ದಿನವಾಗಿತ್ತು.

ಆ ಮನೆಯ ಹಿಂದೆ ಕಿಟಕಿಯಿಲ್ಲದ ಕೋಣೆ ಒಂದಿತ್ತು. ಬೆಟ್ಟಮ್ಮನ ಗಂಡ ಮಹದೇವುಗೆ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣಿನ ಅಂಗಡಿ. ಹಳ್ಳಿಯ ಹೊಲ ಅಣ್ಣತಮ್ಮಂದಿರಿಗೆ ಬಿಟ್ಟು ಮೈಸೂರಿಗೆ ಬಂದಂದಿನಿಂದಲೂ ಅವನು ಗೊನೆಗಳನ್ನು ಆ ಕೋಣೆಯಲ್ಲೇ ಹಣ್ಣು ಮಾಡುತ್ತಿದ್ದ. ಒಣಗಿದ ಬಾಳೆ ಎಲೆ ಹಾಸಿ ಗೊನೆ ಜೋಡಿಸುವುದು, ಹೊಟ್ಟು ಬೆರಣಿ ತುಂಬಿದ ಮಡಕೆಗೆ ಕೆಂಡ ಹಾಕಿ ಊದಿ ಹೊಗೆ ಎಬ್ಬಿಸುವುದು, ಬಾಗಿಲ ಸಂದಿಗೆಲ್ಲ ಹಸಿಮಣ್ಣು ಮೆತ್ತುವುದು. ಹೊಗೆ ಕೂಡಿಕೊಂಡರೆ ಕಾಯಿ ಹಳದಿಗೆ ತಿರುಗುತ್ತಿತ್ತು. ಮಡಕೆ ಊದುವುದು ಬೆಟ್ಟಮ್ಮನ ಕೆಲಸ. ಬಾಗಿಲು ತೆಗೆದು ಮೂಸಿ ನೋಡಿ, ಹದ ಬಂತೋ ಇಲ್ಲವೋ ಹೇಳುವುದೂ ಅವಳದೇ. ಅವಳ ಮೂಗು ತಪ್ಪಿದ್ದಿಲ್ಲ. ಮಹದೇವುವಿನ ರಸಬಾಳೆಗೆ ಅಗ್ರಹಾರದಿಂದಲೂ ಗಿರಾಕಿ ಹುಡುಕಿಕೊಂಡು ಬರುತ್ತಿದ್ದದ್ದು ಆ ಮೂಗಿನ ಬಲದಿಂದ.

ಈಗ ಮಹದೇವು ತಾನೇ ಮಡಕೆ ಊದಿದ. ಮೊದಲ ಸಲದ ಹಣ್ಣು ಅರ್ಧ ಹಸಿರು, ಎರಡನೆಯ ಸಲದ್ದು ಸಿಪ್ಪೆ ಕಪ್ಪಾಗಿ ಕೊಳೆಯಿತು.

ಮಂಚದ ಮೇಲಿನ ಬೆಟ್ಟಮ್ಮನಿಗೆ ಮೊದಲು ನಾಲ್ಕು ದಿನ ಸುಖವಾಗಿಯೇ ಇತ್ತು. ಆಮೇಲೆ ಕಾಲಲ್ಲಿ ಬಲ ಕುಂದಿತು. ಬಚ್ಚಲಿಗೆ ಹೋಗಿಬಂದರೆ ಏದುಸಿರು ಹತ್ತುತ್ತಿತ್ತು. ಅದನ್ನು ಕಂಡು ಮಗ ಇನ್ನಷ್ಟು ಬಿಗಿ ಮಾಡಿದ. ಕಾಳು ಆರಿಸಲು ಮೊರ ಎತ್ತಿಕೊಂಡರೂ ಬಂದು ಕಸಿದುಕೊಂಡ.

"ಕೈಗೆ ಏನಾಗಿದ್ದದೋ ನಂಗೆ? ದಮ್ಮು ಎದೇಲಿರೋದು," ಅಂದಳು ತಾಯಿ.

"ನೀನು ಕೂತಿದ್ರೆ ಸಾಕವ್ವ ನಮಗೆ."

"ಕೂತು ಕೂತು ಮಣೆ ಆಗೋದೆ."

ಚೂಡಾಮಣಿಯ ತಂದೆ ನಂಜನಗೂಡಿನಿಂದ ಬಂದದ್ದು ಇಂಥ ದಿನಗಳಲ್ಲಿ. ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದರು. "ಏಳು ತಿಂಗ್ಳು ತುಂಬುತ್ತಲೂ ಮಗಳ್ನ ಕರ್ಕೊಂಡ್ ಹೋಗ್ತೀವಿ ಬೀಗ್ರೇ. ಚೊಚ್ಚಲ ಹೆರಿಗೆ, ಅವಳವ್ವ ಎದುರು ನೋಡ್ತಾವ್ಳೆ."

ಮಹದೇವು ಬಾಯಿ ತೆರೆಯುವ ಮೊದಲೇ ಚೆಲುವರಾಜು ಹೇಳಿದ: "ಅದಾಗಲ್ಲ ಮಾವ. ಅವ್ವನ್ನ ನೋಡ್ಕಳೋರ್ಯಾರು? ಹೆರಿಗೆ ಇಲ್ಲೇ ಆಗ್ಲಿ."

ಬಡಿಸುತ್ತಿದ್ದ ಚೂಡಾಮಣಿಯ ಕೈಯ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ತಂದೆ ತಲೆ ತಗ್ಗಿಸಿ ಅನ್ನ ಕಲಸಿದರು. ಮಂಚದ ಮೇಲಿಂದ ಇದನ್ನು ಕೇಳಿದ ಬೆಟ್ಟಮ್ಮ ಆ ಮಧ್ಯಾಹ್ನ ಉಣ್ಣಲಿಲ್ಲ. ಹಸಿವಿಲ್ಲ ಅಂದಳು.

ಮುಂದಿನ ವಾರ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಚೆಲುವರಾಜು ರಜೆ ಹಾಕಿ ತಾಯಿಯನ್ನು ಎತ್ತಿಕೊಂಡೇ ಒಳಗೆ ಹೋದ, ಹಿಂದೆ ಚೂಡಾಮಣಿ. ಎದೆರೋಗದವರನ್ನು ನೋಡುವ ಕೋಣೆಯಲ್ಲಿ ಆರೋಗ್ಯಮೇರಿ ಎಂಬ ನರ್ಸು ಇದ್ದರು. ನಡುವಯಸ್ಸಿನ, ದಪ್ಪ ಕನ್ನಡಕದ ಹೆಂಗಸು.

"ಕಾಲಿಗೆ ಪೆಟ್ಟಾಗಿದ್ಯಾ?" ಎಂದು ಕೇಳಿದರು.

"ಇಲ್ಲ. ದಮ್ಮು," ಅಂದ ಚೆಲುವರಾಜು.

"ನಿದ್ದೆ ಬರುತ್ತಾ ಅಮ್ಮ?"

"ಬರುತ್ತೆ. ಎರಡು ದಿಂಬು ಬೇಕು," ಮತ್ತೆ ಚೆಲುವರಾಜುವೇ.

"ಕಫ ಬರುತ್ತಾ?"

"ಬೆಳಿಗ್ಗೆ ಹೊತ್ತು..."

ನರ್ಸು ಕನ್ನಡಕ ತೆಗೆದು ಅವನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ. "ನೀವು ಒಳ್ಳೇ ಮಗ ಕಣಪ್ಪ. ಆದ್ರೆ ಉಸಿರಾಡ್ತಿರೋರು ಅವರು. ಅವರೇ ಹೇಳ್ಲಿ, ನಾವಿಬ್ರೂ ಕೇಳೋಣ."

ಬೆಟ್ಟಮ್ಮನಿಗೆ ಹೇಳಿ ಅಭ್ಯಾಸ ತಪ್ಪಿಹೋಗಿತ್ತು. ಒಂದೊಂದೇ ಮಾತು ಹೊರಬಂತು. ಯಾವ ಹೊತ್ತಿನಲ್ಲಿ ಎದೆ ಬಿಗಿಯುತ್ತದೆ, ಯಾವಾಗ ಸಡಿಲವಾಗುತ್ತದೆ, ಸ್ನಾನಕ್ಕೆ ಬಗ್ಗಿದರೆ ಎಂಥ ಭಯವಾಗುತ್ತದೆ. ಮಗ ಇದನ್ನೆಲ್ಲ ಕೇಳಿದ್ದು ಅದೇ ಮೊದಲು.

"ಕೂತೇ ಇದ್ರೆ ಕಾಲು ಸೋಲುತ್ತೆ, ಸೋತ ಕಾಲಿಗೆ ಜಾಸ್ತಿ ಉಸಿರು ಬೇಕಾಗುತ್ತೆ. ದಿನಾ ಒಂದಿಷ್ಟು ನಡೀರಿ. ಸುಸ್ತಾಗೋಕ್ಕೆ ಮುಂಚೆ ನಿಂತ್ಕೊಳ್ಳಿ, ಆದ್ಮೇಲಲ್ಲ," ಎಂದರು ನರ್ಸು. ಆಮೇಲೆ ಎದುರು ಕೂತು ಉಸಿರು ಬಿಡುವುದನ್ನು ತೋರಿಸಿದರು. ಮೂಗಿನಿಂದ ಎಳೆದುಕೊಂಡು, ತುಟಿ ಚೂಪು ಮಾಡಿ, ಕಾಫಿ ಆರಿಸುವ ಹಾಗೆ ನಿಧಾನವಾಗಿ ಹೊರಗೆ. ಬೆಟ್ಟಮ್ಮ ಕೆನ್ನೆ ಉಬ್ಬಿಸಿ ಜೋರಾಗಿ ಊದಿದಳು, ಕೂಡಲೇ ಕೆಮ್ಮು ಬಂತು.

"ಅಷ್ಟು ಜೋರು ಬೇಡ."

ಬೆಟ್ಟಮ್ಮ ಕೆಮ್ಮು ನಿಲ್ಲುವವರೆಗೂ ಯೋಚಿಸಿದಳು. "ಈಗ ಗೊತ್ತಾಯ್ತು ಬುಡಿ ನರ್ಸಮ್ಮ. ಕೆಂಡ ಕೆಂಪಾಗ್ಬಾರ್ದು, ಮೇಲಿನ ಬೂದಿ ಮಾತ್ರ ಹಾರ್ಬೇಕು. ಅಂಗೇ ತಾನೆ?"

"ಹಾಂ! ಹಾಗೇ," ಎಂದು ನರ್ಸು ನಕ್ಕುಬಿಟ್ಟರು. "ಮಾತ್ರೆ ನಿಮ್ಮ ಹತ್ರಾನೇ ಇರ್ಲಿ. ಕಫದ ಬಣ್ಣ ದಿನಾ ನೀವೇ ನೋಡ್ಕೊಳ್ಳಿ. ಹಳದಿ, ಹಸಿರಿಗೆ ತಿರುಗಿದ್ರೆ ಕಾಯ್ಬೇಡಿ, ಬಂದ್ಬಿಡಿ. ಮನೇಲಿ ಹೊಗೆ ಇದ್ಯಾ?"

"ಒಲೆ ಹೊಗೆ ಅಷ್ಟೆಯ," ಅಂದಳು ಬೆಟ್ಟಮ್ಮ ನೆಲ ನೋಡುತ್ತ.

ಗೋಡೆಗೆ ಒರಗಿ ನಿಂತಿದ್ದ ಚೂಡಾಮಣಿ ಬಾಯಿ ಬಿಟ್ಟಳು. "ಇಲ್ಲ ನರ್ಸಮ್ಮ. ಹಿತ್ಲ ಕೋಣೇಲಿ ಬಾಳೆಕಾಯಿಗೆ ಹೊಗೆ ಹಾಕ್ತೀವಿ. ಇಷ್ಟು ವರ್ಷ ಊದ್ತಿದ್ದೋರು ಅತ್ತೇನೆ."

ಮನೆಗೆ ಬಂದ ಮೇಲೆ ಬೆಟ್ಟಮ್ಮ ಸೊಸೆಯ ಮೇಲೆ ಹಾರಾಡಿದಳು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹಿಡಿಯಬೇಕಾಗುತ್ತಿದ್ದುದರಿಂದ ಬೈಗುಳ ಉದ್ದವಾಯಿತು.

"ಮನೆ ಮಾತ ಅಲ್ಲಿ ಯಾಕಮ್ಮಿ ಆಡ್ದೆ? ಆ ಕ್ವಾಣೆ ನಮ್ಮ ಅನ್ನ ಕಣೆ."

"ಸುಳ್ಳು ಹೇಳಿ ಮಾತ್ರೆ ಈಸ್ಕೊಂಡ್ರೆ ಮಾತ್ರೆ ಏನು ಮಾಡ್ತದತ್ತೆ?"

"ಎದುರು ಮಾತು ಬೇರೆ!"

"ನೀವು ಏದುಸಿರು ಬಿಡೋದ ನಾನು ಪಕ್ಕದ ಕೋಣೇಲಿ ಮಲಗಿ ಕೇಳ್ತೀನಿ. ನಂಗೆ ನಿದ್ದೆ ಬರಲ್ಲ," ಎಂದ ಚೂಡಾಮಣಿ ಸೆರಗಿನಿಂದ ಮುಖ ಒರೆಸಿಕೊಂಡು ನೀರಿಗೆ ಹೋದಳು.

ಸಂಜೆ ಅಂಗಡಿಯಿಂದ ಬಂದ ಮಹದೇವುಗೆ ಮಗ ಎಲ್ಲ ಹೇಳಿ, ಕೋಣೆ ಮುಚ್ಚಿಬಿಡಿ ಅಂದ. ಮಹದೇವು ರಾಗಿಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ನೀನು ಓದಿದ್ದು ಅದೇ ಹೊಗೇಲಿ ಕಣಪ್ಪ."

"ಅವ್ವನ ಎದೆ ಹಾಳಾಗಿದ್ದೂ ಅದರಲ್ಲೇ."

ಮಹದೇವು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮರುದಿನದಿಂದ ಹೊಗೆ ಹಾಕುವ ಹೊತ್ತಿಗೆ ಹೆಂಡತಿಯನ್ನು ಹೊರಗೆ ಜಗಲಿಯ ಮೇಲೆ ಕೂರಿಸುವುದು, ಬಾಗಿಲಿಗೆ ದಪ್ಪನಾಗಿ ಮಣ್ಣು ಮೆತ್ತುವುದು ಮಾಡಿದ. ಅವನ ಮನಸ್ಸಿಗೆ ಅಷ್ಟು ಸಾಕೆನ್ನಿಸಿತ್ತು.

ಬೆಟ್ಟಮ್ಮ ಮಾತ್ರ ನರ್ಸಮ್ಮ ಹೇಳಿದ್ದನ್ನು ಹಿಡಿದುಕೊಂಡಳು. ಮೊದಲು ನಡುಮನೆಯಿಂದ ಬಾಗಿಲವರೆಗೆ, ಆಮೇಲೆ ಎದುರು ಮನೆಯ ರೋಸಮ್ಮನ ಜಗಲಿಯವರೆಗೆ, ಕೆಲವು ದಿನಕ್ಕೆ ಸಂದಿಯ ತುದಿಯವರೆಗೆ. ಈಳಿಗೆಮಣೆಯ ಮುಂದೆ ಬಗ್ಗಿ ಕೂತರೆ ಎದೆ ಹಿಡಿಯುತ್ತಿತ್ತು. ಅದಕ್ಕೆ ಚೂಡಾಮಣಿ ಹಳೆಯ ಪೆಟ್ಟಿಗೆಯೊಂದನ್ನು ಗೋಡೆಗೆ ತಾಗಿಸಿಟ್ಟು ಅದರ ಮೇಲೆ ಅತ್ತೆಯನ್ನು ಕೂರಿಸಿ ಕೈಗೆ ಚಾಕು ಕೊಟ್ಟಳು. ಅವರೆಕಾಯಿಯ ಕಾಲ. ಬೆಟ್ಟಮ್ಮ ಕಾಯಿ ಸುಲಿದು, ಕಾಳು ಹಿಚುಕಿ, ಸಾರಿಗೆ ಖಾರ ಎಷ್ಟು ಎಂದು ಹೇಳಿದಳು. ಬೈದ ಮಾತು ಇಬ್ಬರ ನಡುವೆ ಇನ್ನೂ ಇತ್ತು. ಆದರೂ ಕೆಲಸ ನಡೆಯಿತು.

ಒಂದು ದಿನ ಚೆಲುವರಾಜು ಬೇಗ ಬಂದವನು ಇದನ್ನು ನೋಡಿ ಕೂಗಾಡಿದ. "ಏನಾದ್ರೂ ಆದ್ರೆ ಯಾರು ಹೊಣೆ?"

ಚೂಡಾಮಣಿ ಹೇಳಿದಳು: "ಹೋದ ವಾರ ಬಾಗಿಲವರೆಗೆ ಬರೋಕೆ ಆಗ್ತಿರ್ಲಿಲ್ಲ ಅವರಿಗೆ. ಇವತ್ತು ಬೆಳಿಗ್ಗೆ ರೋಸಮ್ಮನ ಜೊತೆ ಜಗಳ ಆಡಿ ಬಂದವ್ರೆ. ನೀವೇ ಕೇಳಿ."

"ಜಗಳ ಅಲ್ಲ ಕಣಮ್ಮ, ಅವ್ಳು ನನ್ನ ಒರಳುಕಲ್ಲು ಗುಂಡು ಈಸ್ಕೊಂಡೋಗಿ ಕೊಟ್ಟಿರ್ಲಿಲ್ಲ," ಅಂದಳು ಬೆಟ್ಟಮ್ಮ. ಚೆಲುವರಾಜುವಿಗೆ ನಗು ತಡೆಯಲಾಗಲಿಲ್ಲ. ಒಲೆಯ ಹೊಗೆ ತಪ್ಪಲೆಂದು ಆ ತಿಂಗಳ ಸಂಬಳದಲ್ಲಿ ಅವನೊಂದು ಸೀಮೆಎಣ್ಣೆ ಸ್ಟವ್ ತಂದು ಅಡುಗೆಮನೆಯಲ್ಲಿಟ್ಟ.

ಸಂಕ್ರಾಂತಿ ಹತ್ತಿರ ಬಂತು. ಹಬ್ಬಕ್ಕೆ ಬಾಳೆಹಣ್ಣಿಲ್ಲದೆ ಆಗದು. ಮಹದೇವು ಕೋಣೆಯನ್ನು ಮಾಡಿನವರೆಗೆ ತುಂಬಿಸಿ, ಹೊಗೆ ಹಾಕಿ, ಮಣ್ಣು ಮೆತ್ತಿ ಅಂಗಡಿಗೆ ಹೋದ. ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತಿದ್ದ ಬೆಟ್ಟಮ್ಮ ಬಿಸಿಲು ಏರಿತೆಂದು ಒಳಗೆ ಬಂದು ಮಲಗಿದಳು. ಚೂಡಾಮಣಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ತರಲು ಮಾರ್ಕೆಟ್ಟಿನ ಕಡೆ ಹೋಗಿದ್ದಳು. ಕೋಣೆಯ ಬಾಗಿಲಿಗೆ ಮೆತ್ತಿದ್ದ ಮಣ್ಣು ಒಣಗಿ ಒಂದು ಮೂಲೆಯಲ್ಲಿ ಬಿರಿಯಿತು.

ಬೆಟ್ಟಮ್ಮನಿಗೆ ಎಚ್ಚರವಾದಾಗ ನಡುಮನೆಯೆಲ್ಲ ಮಂಕಾಗಿತ್ತು. ಎದೆಯ ಮೇಲೆ ಯಾರೋ ಕೂತ ಹಾಗೆ. ಕೂಗಬೇಕು ಅನ್ನಿಸಿತು, ಬಾಯಿ ತೆರೆದಳು, ಸದ್ದು ಬರಲಿಲ್ಲ. ಕೂಗಿದರೆ ಇರುವ ಉಸಿರೂ ಹೋಗುತ್ತದೆ ಎಂದು ಬಾಯಿ ಮುಚ್ಚಿದಳು. ದಿಂಬಿನ ಕೆಳಗಿನ ಮಾತ್ರೆಯ ಸೀಸೆ ತೆಗೆದು ಮಡಿಲಿಗೆ ಹಾಕಿಕೊಂಡು ಗೋಡೆ ಹಿಡಿದು ನಡೆದಳು. ನಡುವೆ ಒಂದು ಸಲ ನಿಂತಳು. ಓಡಬಾರದು, ಓಡಬಾರದು ಎಂದುಕೊಂಡು ಮತ್ತೆ ನಡೆದಳು. ಹೊಸ್ತಿಲು ದಾಟಿ ಜಗಲಿಯಲ್ಲಿ ಕೂತು, ಮುಂದಕ್ಕೆ ಬಾಗಿ ಮೊಣಕೈ ತೊಡೆಗೆ ಊರಿ, ತುಟಿ ಚೂಪು ಮಾಡಿದಳು.

ರೋಸಮ್ಮ ಓಡಿಬಂದಳು. "ಅಯ್ಯೋ ಏಸುವೇ! ಮಲಕ್ಕೊಳ್ಳಕ್ಕ, ಮಲಕ್ಕೊಳ್ಳಿ." ಬೆಟ್ಟಮ್ಮ ಬೇಡ ಎಂದು ಕೈಯಾಡಿಸಿದಳು. ಸೀಸೆ ತೋರಿಸಿದಳು. ರೋಸಮ್ಮ ಮಾತ್ರೆ ತೆಗೆದುಕೊಟ್ಟು, ಗುಟುಕು ನೀರು ಕುಡಿಸಿ, ಬೆನ್ನಿಗೆ ಕೈಯಿಟ್ಟು ಪಕ್ಕದಲ್ಲಿ ಕೂತಳು. ಮೆಲ್ಲಗೆ ಒಳಗೆ, ಇನ್ನೂ ಮೆಲ್ಲಗೆ ಹೊರಗೆ. ಭಯ ಮೊದಲು ಇಳಿಯಿತು, ಅದರ ಹಿಂದೆ ದಮ್ಮೂ ಇಳಿಯತೊಡಗಿತು.

ಚೂಡಾಮಣಿ ಬಂದವಳು ಅತ್ತೆಯನ್ನು ನೋಡಿದಳು, ಬಾಗಿಲಲ್ಲಿ ತೇಲುತ್ತಿದ್ದ ಹೊಗೆಯನ್ನು ನೋಡಿದಳು. ಕೈಚೀಲ ಬಿಸಾಡಿ, ಸೆರಗು ಮೂಗಿಗೆ ಕಟ್ಟಿ ಒಳಗೆ ನುಗ್ಗಿದಳು. ಹಿತ್ತಲ ಬಾಗಿಲು ತೆರೆದು ಗಾಳಿ ಬಿಟ್ಟಳು. ಕೋಣೆಯ ಮಣ್ಣನ್ನು ಕೈಯಿಂದಲೇ ಕಿತ್ತು, ಮಡಕೆಯ ಮೇಲೆ ಕೊಡ ಕೊಡ ನೀರು ಸುರಿದಳು. ಬೂದಿ ನೀರು ಗೊನೆಗಳಿಗೆಲ್ಲ ಸಿಡಿಯಿತು. ಹಬ್ಬದ ಹಣ್ಣು ಅಲ್ಲಿಗೆ ಮುಗಿದ ಹಾಗೆಯೇ.

ಸುದ್ದಿ ಕೇಳಿ ಮಹದೇವು ಅಂಗಡಿ ಬಿಟ್ಟು ಓಡಿಬಂದ. ಸೊಸೆ ಕೆಸರು ಕೈಯಲ್ಲಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ನಾನೇ ಮಾವ ನೀರು ಹಾಕಿದ್ದು. ಬಯ್ಯೋದಾದ್ರೆ ಬಯ್ಯಿರಿ."

"ಹಬ್ಬ ನಾಳಿದ್ದು..." ಅಂದ ಮಹದೇವು.

ಜಗಲಿಯಿಂದ ಬೆಟ್ಟಮ್ಮನ ದನಿ ಕೇಳಿಸಿತು. ಸಣ್ಣದಾಗಿತ್ತು, ತುಂಡು ತುಂಡಾಗಿತ್ತು. "ಅವಳ್ಗೇನೂ ಅನ್ಬೇಡಿ. ನಾನು... ಎಂದೋ ಮಾಡ್ಬೇಕಾಗಿದ್ದ ಕೆಲ್ಸ. ಅವ್ಳು ಮಾಡವ್ಳೆ."

ಮಹದೇವು ಹೊರಗೆ ಬಂದು ಹೆಂಡತಿಯ ಪಕ್ಕ ಕೂತ. ಬಹಳ ಹೊತ್ತು ಅವಳ ಉಸಿರನ್ನೇ ಕೇಳುತ್ತಿದ್ದ. ಒಳಗೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಸೀಟಿಯಂಥ ಇನ್ನೊಂದು. ಅಷ್ಟು ಹತ್ತಿರದಿಂದ ಅವನು ಅದನ್ನು ಕೇಳಿರಲೇ ಇಲ್ಲ.

"ಒಬ್ಳೇ ಎಂಗೆ ಈಚೆಗೆ ಬಂದೆ?" ಎಂದು ಕೇಳಿದ.

"ನಿಂತು ನಿಂತು ಬಂದೆ."

ಮಹದೇವು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡ. ಆ ರಾತ್ರಿ ಅವರ ಮನೆಯ ಊಟ ರೋಸಮ್ಮನ ಮನೆಯಿಂದ ಬಂತು. ಒರಳುಗುಂಡಿನ ಜಗಳ ಅವಳು ಮರೆತಿದ್ದಳೋ ಏನೋ, ಅನ್ನದ ಜೊತೆ ಮೀನುಸಾರೂ ಇತ್ತು.

ಮಾರನೆಯ ಬೆಳಿಗ್ಗೆ ಮಹದೇವು ಯಾರಿಗೂ ಹೇಳದೆ ಬೆಲ್ಲದ ಮಂಡಿ ಚನ್ನಬಸವಯ್ಯನವರ ಹತ್ತಿರ ಹೋದ. ಮಾರ್ಕೆಟ್ಟಿನ ಹಿಂದೆ, ಮನೆಗಳಿಂದ ದೂರ, ಅವರದೊಂದು ಖಾಲಿ ಕೊಟ್ಟಿಗೆ ಬಯಲಿಗೆ ಮುಖಮಾಡಿ ಬಿದ್ದಿತ್ತು. ಯಾರಲ್ಲೂ ಏನೂ ಕೇಳಿದ ಮನುಷ್ಯನಲ್ಲ ಮಹದೇವು. ಮಾತು ಶುರು ಮಾಡುವುದಕ್ಕೇ ಹೊತ್ತು ಹಿಡಿಯಿತು. ಚನ್ನಬಸವಯ್ಯ ಪೂರ್ತಿ ಕೇಳಲೂ ಇಲ್ಲ.

"ಬೀಗದ ಕೈ ತಗೊಂಡ್ ಹೋಗಿ ಮಹದೇವು. ನಮ್ಮ ಮನೆಗೆ ಇಷ್ಟು ವರ್ಷ ಹಣ್ಣು ಕೊಟ್ಟಿದ್ದೀರಿ, ಒಂದು ಕೊಟ್ಟಿಗೆ ಹೆಚ್ಚೇ?"

ಮಹದೇವು ಕೈ ಮುಗಿದ. ಮನೆಗೆ ಬಂದು ಹಿತ್ತಲ ಕೋಣೆಗೆ ಕಿಟಕಿ ಒಡೆಸಿದ. ಊದುವ ಕೆಲಸಕ್ಕೆ ಬದಲು ಕೊಟ್ಟಿಗೆಯಲ್ಲಿ ಮಡಕೆಯ ಮಗ್ಗುಲಿಗೇ ತೂತು ಕೊರೆದು ಗಾಳಿಗೆ ತಾನಾಗಿ ಹೊಗೆಯಾಡುವ ಹಾಗೆ ಮಾಡಿಕೊಂಡ. ಆದರೆ ಹದ ತಿಳಿಯುವುದು ಹೇಗೆ? ಬೆಟ್ಟಮ್ಮ ಅಲ್ಲಿಗೆ ಹೋಗುವಂತಿಲ್ಲ. ಅದಕ್ಕೆ ಅವನು ದಿನಾ ಬೆಳಿಗ್ಗೆ ಕೊಟ್ಟಿಗೆಯಿಂದ ಒಂದು ಚಿಪ್ಪು ಕಾಯಿಯನ್ನು ಟವಲಿನಲ್ಲಿ ಸುತ್ತಿ ತಂದು ಜಗಲಿಯಲ್ಲಿ ಅವಳ ಕೈಗೆ ಕೊಡುತ್ತಿದ್ದ. ಬೆಟ್ಟಮ್ಮ ತೊಟ್ಟನ್ನು ಮೂಸಿ, ಬೆರಳಿನಿಂದ ಒತ್ತಿ ನೋಡಿ ತೀರ್ಪು ಕೊಡುತ್ತಿದ್ದಳು.

"ಇನ್ನೊಂದು ದಿನ ಇರ್ಲಿ."

"ಇರ್ಲಿ ಅಂದ್ರೆ ಇರ್ಲಿ," ಎಂದು ಅವನು ಎದ್ದು ಹೋಗುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಮಹದೇವುವಿನ ಹಣ್ಣಿಗೆ ಹಳೆಯ ಹೆಸರು ತಿರುಗಿ ಬಂತು.

ಅದೇ ಶಿವರಾತ್ರಿಯ ಆಚೀಚೆ ಬೆಟ್ಟಮ್ಮನಿಗೆ ನೆಗಡಿಯಾಯಿತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದು ಮಗನನ್ನು ಕರೆದಳು.

"ಚೆಲುವ, ಕಫ ಹಸಿರಾಗದೆ. ಇವತ್ತು ಆಸ್ಪತ್ರೆಗೆ ಹೋಗ್ಬೇಕು."

ಚೆಲುವರಾಜು ಗಾಬರಿಯಾಗಿ ಎತ್ತಿಕೊಳ್ಳಲು ಬಾಗಿದ. ತಾಯಿ ನೋಡಿದ ನೋಟಕ್ಕೆ ಕೈ ಹಿಂದೆ ತೆಗೆದುಕೊಂಡ. ಇಬ್ಬರೂ ಸಂದಿಯಲ್ಲಿ ನಡೆದರು. ಅವಳು ನಿಂತ ಕಡೆ ಅವನೂ ನಿಂತ. ಆಸ್ಪತ್ರೆಯಲ್ಲಿ ಡಾಕ್ಟರು ಔಷಧಿ ಬರೆದುಕೊಟ್ಟು, ಬೇಗ ಬಂದದ್ದು ಒಳ್ಳೆಯದಾಯಿತು, ಹಾಸಿಗೆ ಹಿಡಿಯುವ ಅಗತ್ಯವಿಲ್ಲ ಎಂದು ಕಳಿಸಿದರು. ಆರೋಗ್ಯಮೇರಿ ಬಾಗಿಲವರೆಗೆ ಬಂದರು. ಬೆಟ್ಟಮ್ಮ ಅವರ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಮಕ್ಕಳು ಮರಿ ಚೆನ್ನಾಗಿರ್ಲಿ ನರ್ಸಮ್ಮ."

"ನಾನು ಹೇಳಿಕೊಟ್ಟೆ ಅಷ್ಟೇ ಅಮ್ಮ. ದಿನಾ ಮಾಡಿದೋರು ನೀವು." ಆಮೇಲೆ ಚೆಲುವರಾಜುವಿನ ಕಡೆ ತಿರುಗಿದರು. "ಎತ್ಕೊಳ್ಳದೆ ನಿಮ್ಮನ್ನ ನಡೆಯೋಕೆ ಬಿಟ್ಟೋರು ಇವರು. ಅದೂ ಸುಲಭ ಅಲ್ಲ."

ದಾರಿಯಲ್ಲಿ ಜಟಕಾ ಕುಲುಕುತ್ತಿರುವಾಗ ಬೆಟ್ಟಮ್ಮ ಮಗನಿಗೆ ಹೇಳಿದಳು: "ಸೊಸೇನ ತವರಿಗೆ ಕಳ್ಸು. ನಿನ್ನ ಮಾವಂಗೆ ಒಂದು ಕಾಗದ ಹಾಕು."

"ಅವ್ವ, ನೀನು..."

"ನಂಗೆ ಯಾವಾಗ ಏನು ಬೇಕು ಅಂತ ನಾನೇ ಕೇಳ್ತೀನಿ ಕಣೋ. ಕೇಳಿದ್ದು ಕೊಟ್ರೆ ಸಾಕು. ಅನ್ನಕ್ಕೆ ಇಡೋದು ನನ್ಗೂ ಬತ್ತದೆ, ನೀರು ತರೋದು ನಿನ್ಗೂ ಬತ್ತದೆ. ನಿಮ್ಮಪ್ಪ ಪಾತ್ರೆ ತೊಳೀಲಿ ಬುಡು, ಕೈಯೇನೂ ಸವೆಯಲ್ಲ."

ಪಾತ್ರೆಯ ವಿಷಯ ಮಹದೇವುಗೆ ತಿಳಿಸಿದಾಗ ಅವನು ಗೊಣಗಿದ. ಆದರೂ ಮರುದಿನ ಬೂದಿ, ತೆಂಗಿನ ನಾರು ಹಿಡಿದು ಬಚ್ಚಲಲ್ಲಿ ಕೂತ. ಅವನು ತೊಳೆದ ಪಾತ್ರೆಗಳನ್ನು ಚೂಡಾಮಣಿ ಕಾಣದ ಹಾಗೆ ಇನ್ನೊಂದು ಸಲ ತೊಳೆದಳು.

ಯುಗಾದಿಗೆ ಮುಂಚೆ ಚೂಡಾಮಣಿಯ ತಂದೆ ಬಂದರು. ಬೆಟ್ಟಮ್ಮ ಸೊಸೆಗೆ ಮಡಿಲು ತುಂಬಿದಳು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅಂಗಡಿಯ ರಸಬಾಳೆ. ಸೊಸೆ ಕಾಲಿಗೆ ಬೀಳಲು ಬಾಗಿದಾಗ ತಡೆದಳು.

"ಬಗ್ಬೇಡ, ಹೊಟ್ಟೆ ಹಿಡೀತದೆ." ಒಂದು ಉಸಿರು ಬಿಟ್ಟು ಮುಂದುವರಿಸಿದಳು. "ಆಸ್ಪತ್ರೇಲಿ ನಿಜ ಹೇಳ್ದೆ ಅಂತ ನಿನ್ನ ಬೈದೆನಲ್ಲ ಚೂಡಾ. ನೀನು ಬಾಯಿ ಮುಚ್ಕೊಂಡಿದ್ರೆ ಇವತ್ತು ಈ ಮಡಿಲು ತುಂಬೋಕೆ ನಾನು ಇರ್ತಿರ್ಲಿಲ್ಲ. ನಿನ್ನ ಋಣ ದೊಡ್ದು ಕಣಮ್ಮ."

"ಋಣ ಗಿಣ ಅನ್ಬೇಡಿ ಅತ್ತೆ," ಎಂದ ಚೂಡಾಮಣಿ ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. "ನೀವು ಮಗೀನ ನೋಡೋಕೆ ಬರ್ಬೇಕು."

"ಬತ್ತೀನಿ. ರೈಲು ಸ್ಟೇಷನ್ನಿಗೆ ಒಂದು ಗಂಟೆ ಮುಂಚೆ ಹೊರಟ್ರಾಯ್ತು."

ಜಟಕಾದವರೆಗೂ ಬರುವುದು ಬೇಡ ಎಂದು ಎಲ್ಲರೂ ಹೇಳಿದರು. ಬೆಟ್ಟಮ್ಮ ಕೇಳದೆ ಸಂದಿಯ ಉದ್ದಕ್ಕೂ ನಡೆದಳು. ರೋಸಮ್ಮನ ಗೋಡೆಗೆ ಕೈಕೊಟ್ಟು ಒಮ್ಮೆ ನಿಂತಳು, ನಲ್ಲಿಯ ಹತ್ತಿರ ಇನ್ನೊಮ್ಮೆ ನಿಂತಳು. ನೋಡುವವರು ನೋಡಲಿ ಎಂದು ತುಟಿ ಚೂಪು ಮಾಡಿ ಉಸಿರು ಬಿಟ್ಟಳು. ಚೂಡಾಮಣಿ ಅವಸರ ಮಾಡದೆ ಅವಳ ಜೊತೆ ನಿಂತಳು. ಜಟಕಾ ಹತ್ತಿಸಿ, ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಬೆಟ್ಟಮ್ಮ ಮಗನನ್ನು ಕೇಳಿದಳು:

"ರಾತ್ರಿಗೆ ಏನು ಮಾಡ್ಲಿ? ಹುರುಳಿಕಾಳು ನೆನೆ ಹಾಕಿವ್ನಿ."

"ಉಪ್ಪುಸಾರು ಮಾಡವ್ವ," ಅಂದ ಚೆಲುವರಾಜು. "ನಾನು ಖಾರ ಅರೆದು ಕೊಡ್ತೀನಿ."

"ನುಣ್ಣಗೆ ಅರೀಬೇಕು ಮತ್ತೆ," ಅಂದಳು ಬೆಟ್ಟಮ್ಮ, ಮನೆಯ ಕಡೆ ಹೆಜ್ಜೆ ಹಾಕುತ್ತ.